ಸೆಕೆಂಡ್ ಹ್ಯಾಂಡ್ ಇಂಜಿನ್ ಸೈಕಲ್ ಸ್ಟಾರ್ಟ್ ಆಗ್ತಿಲ್ವಾ, ಎಳೀತಿಲ್ವಾ? ಬ್ಲಾಕ್ ಬಿಚ್ಚೋಕ್ಮುಂಚೆ ಇಷ್ಟು ನೋಡಿ

ಇಂಜಿನ್ ಸೈಕಲ್ ಅಂದ್ರೆ ನಾನು ಹೇಳ್ತಿರೋದು ಮಾಮೂಲಿ ಸೈಕಲ್ ಫ್ರೇಮ್ ಮಧ್ಯೆ ಸಣ್ಣ ಟೂ ಸ್ಟ್ರೋಕ್ ಕಿಟ್ ಇಂಜಿನ್ ಕೂರ್ಸಿ, ಎಡಗಡೆ ಇನ್ನೊಂದು ಚೈನ್ ಹಾಕಿ ಹಿಂದಿನ ಚಕ್ರಕ್ಕೆ ಕೊಟ್ಟಿರ್ತಾರಲ್ಲ ಅದು. ನಮ್ಮೂರು ಚಿಂತಾಮಣಿ ಶಿಡ್ಲಘಟ್ಟ ಮಧ್ಯೆ ಬರುತ್ತೆ, ಹಿಪ್ಪುನೇರಳೆ ತೋಟದಿಂದ ಸೊಪ್ಪು ತರೋಕೆ ಅಂತ ಇಂಥದ್ದೊಂದು ಹಳೇದು ತಗೊಂಡೆ. ತಂದ ಮೂರನೇ ದಿನಕ್ಕೆ ನಿಂತೋಯ್ತು. ಮೆಕ್ಯಾನಿಕ್ ಒಬ್ರು ಕಿವಿಯಿಟ್ಟು ಕೇಳಿ "ಬ್ಲಾಕ್ ಬಿಚ್ಬೇಕಣ್ಣ, ರಿಂಗ್ ಹೋಗಿರ್ಬೇಕು" ಅಂದ್ರು (ಬ್ಲಾಕ್ ಅಂದ್ರೆ ಸಿಲಿಂಡರ್, ರಿಂಗ್ ಅಂದ್ರೆ ಅದರೊಳಗಿನ ಪಿಸ್ಟನ್ ರಿಂಗು). ಬಿಚ್ಚಿದ್ವಿ, ರಿಂಗ್ ಚೆನ್ನಾಗೇ ಇತ್ತು, ಜಾಯಿಂಟ್ ಮಧ್ಯೆ ಇದ್ದ ಹಳೇ ಪ್ಯಾಕಿಂಗ್ (ಗ್ಯಾಸ್ಕೆಟ್) ಮಾತ್ರ ಹರಿದೋಯ್ತು, ಹೊಸದು ಸಿಗೋಕೆ ಹತ್ತು ದಿನ ಆಯ್ತು. ಕೊನೆಗೆ ಸಿಕ್ಕಿದ್ದೇನಪ್ಪಾ ಅಂದ್ರೆ, ಹ್ಯಾಂಡಲ್ ಹತ್ರ ಆಫ್ ಸ್ವಿಚ್ ವೈರು ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗ್ತಿತ್ತು. ಒಂದು ಗೇಣು ಟೇಪ್ ಕೆಲ್ಸ.

ಅವತ್ತಿಂದ ನಾನು ಹೇಳೋದು ಒಂದೇ, ಇಂಥ ಹಳೇ ಗಾಡಿಯಲ್ಲಿ ಕೆಟ್ಟಿರೋದು ಬಹುಪಾಲು ಇಂಜಿನ್ ಒಳಗಡೆ ಅಲ್ಲ, ಯಾರೋ ಮನೇಲಿ ಕೂತು ಜೋಡಿಸಿರೋ ಜಾಗಗಳಲ್ಲಿ. ವೈರ್ ಜಾಯಿಂಟು, ಪೈಪು, ಕಾರ್ಬೊರೇಟರ್ ಕ್ಲಾಂಪು, ಹಿಂದಿನ ಪಲ್ಲಿ ಚಕ್ರ (ಚೈನ್ ಕೂರೋ ಹಲ್ಲಿನ ಚಕ್ರ). ಅದಕ್ಕೇ ಕೆಳಗೆ ಎಲ್ಲಾ ಕಡೆ ಕಾಸು ಖರ್ಚಿಲ್ದಿರೋದನ್ನ ಮೊದಲು ಬರ್ದಿದೀನಿ, ಸ್ಪ್ಯಾನರ್ ಹಾಕೋದನ್ನ ಆಮೇಲೆ.

ಸ್ಟಾರ್ಟ್ ಮಾಡೋಕೂ ಮುಂಚೆ

ಬ್ರೇಕ್ ನೋಡಿ. ಇಂಜಿನ್ ಇಲ್ದೆ ತುಳ್ಕೊಂಡೇ ಸ್ವಲ್ಪ ಜೋರಾಗಿ ಹೋಗಿ ಎರಡೂ ಬ್ರೇಕ್ ಹಿಡಿದ್ರೆ ಗಾಡಿ ನಿಲ್ಬೇಕು, ನಿಲ್ಲಲ್ಲ ಅಂದ್ರೆ ಇಂಜಿನ್ ಕೆಲ್ಸ ಪಕ್ಕಕ್ಕಿಟ್ಟು ಬ್ರೇಕ್ ರಬ್ಬರು ಕೇಬಲ್ಲು ಹಾಕ್ಸಿ. ಇದು ಸೈಕಲ್ ಬ್ರೇಕು, ತುಳಿಯೋ ಸ್ಪೀಡಿಗೆ ಮಾಡಿರೋದು, ಇಂಜಿನ್ ಸ್ಪೀಡಿಗೆ ಅದು ಮೊದಲೇ ಕಮ್ಮಿ.

ಆಮೇಲೆ ಹಿಂದಿನ ಚಕ್ರ ಎತ್ತಿ ತಿರುಗಿಸಿ. ದೊಡ್ಡ ಪಲ್ಲಿ ಚಕ್ರನ ಕಡ್ಡಿಗಳಿಗೆ ರಬ್ಬರ್ ಬಿಲ್ಲೆ ಇಟ್ಟು ಒಂಬತ್ತು ಬೋಲ್ಟಲ್ಲಿ ಬಿಗಿದಿರ್ತಾರೆ, ಅದು ಅತ್ಲಾಗೆ ಇತ್ಲಾಗೆ ಓಲಾಡ್ತಿದ್ರೆ ಚೈನ್ ಬಿಡುತ್ತೆ. ಚೈನ್ ಟೈಟ್ ಮಾಡೋ ಗಾಲಿ ಐತಲ್ಲ, ಅದರ ಕ್ಲಾಂಪು ಲೂಸಾಗಿದ್ರೆ ಇನ್ನೂ ಡೇಂಜರ್, ಓಡ್ತಾ ಇದ್ದಾಗ ತಿರುಗಿ ಕಡ್ಡಿ ಒಳಗೆ ಹೋಗಿ ಚಕ್ರ ಪಟ್ ಅಂತ ಲಾಕ್ ಆಗುತ್ತೆ, ಆಳು ಎಗರಿ ಬೀಳ್ತಾನೆ. ಅಲ್ಲಾಡ್ಸಿ ನೋಡಿ, ಅಲ್ಲಾಡಿದ್ರೆ ಓಡ್ಸಬೇಡಿ.

ಹಳೇ ಪೆಟ್ರೋಲ್ ಪೂರ್ತಿ ಇಳಿಸಿಬಿಡಿ. ಮಾರಿದವರು ಎಷ್ಟು ಆಯಿಲ್ ಹಾಕಿದ್ರೋ ಯಾವಾಗ ಹಾಕಿದ್ರೋ ಗೊತ್ತಿರಲ್ಲ. ಈಗ ಬಂಕಲ್ಲಿ ಬರೋ ಪೆಟ್ರೋಲಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತೆ, ಅದು ಗಾಳಿಯಲ್ಲಿರೋ ನೀರು ಎಳ್ಕೊಳ್ಳುತ್ತೆ, ತಿಂಗಳುಗಟ್ಲೆ ನಿಂತ್ರೆ ನೀರು ಕೆಳಗೆ ಕೂರುತ್ತೆ, ಟ್ಯಾಂಕ್ ತುಕ್ಕು ಹಿಡಿಯುತ್ತೆ, ಹಳೇ ರಬ್ಬರ್ ಪೈಪು ಊದ್ಕೊಳ್ಳುತ್ತೆ. ಹೊಸ ಪೆಟ್ರೋಲಿಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಆಯಿಲ್) ಅಳತೆ ಮಾಡೇ ಹಾಕಿ. ಒಂದು ಲೀಟರಿಗೆ 40 ಎಂಎಲ್ ಅಂದ್ರೆ 25ಕ್ಕೆ 1, ಸುಮಾರು 30 ಎಂಎಲ್ ಅಂದ್ರೆ 32ಕ್ಕೆ 1. ಕಿಟ್ ಇಂಜಿನ್ನಿಗೆ ಈ ಎರಡರ ಮಧ್ಯೆ ಇದ್ರೆ ಸರಿ. ಹಳೇ ಮೊಪೆಡ್‌ಗೆ ಹಾಕ್ತಿದ್ವಲ್ಲ ಅಂತ 20 ಎಂಎಲ್ ಹಾಕಿ ಸುಮ್ನಾಗಬೇಡಿ. ಅಂದಾಜಲ್ಲಿ ಸುರಿಯೋದೂ ಬೇಡ, ಕೆಮ್ಮಿನ ಸಿರಪ್ ಬಾಟ್ಲಿ ಮುಚ್ಚಳದಲ್ಲಿ ಎಂಎಲ್ ಗುರುತು ಇರುತ್ತೆ, ತೊಳೆದು ಇಟ್ಕೊಳ್ಳಿ, ಗಾಡಿಗೇ ಅಂತ ಬೇರೆ ಇಡಿ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ ಪ್ರಕಾರ 25 ಸಿಸಿ ಒಳಗಿನ ಇಂಜಿನ್ ಇರೋ ಎರಡು ಚಕ್ರದ ಗಾಡಿ ಮೋಟಾರು ವಾಹನ ಅನ್ನೋ ಲೆಕ್ಕಕ್ಕೆ ಬರಲ್ಲ, ಆದ್ರೆ ಈ ಕಿಟ್‌ಗಳು 48 ಸಿಸಿ ಇಲ್ಲಾ 66 ಸಿಸಿ, 80 ಅಂತ ಹೇಳಿ ಮಾರೋದೂ ಅಳತೆ ಮಾಡಿದ್ರೆ 66 ಆಸುಪಾಸೇ. ಅಂದ್ರೆ ನಂಬರ್ ಪ್ಲೇಟ್, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲಾ ಬೇಕು, ಮನೇಲಿ ಜೋಡಿಸಿದ್ದಕ್ಕೆ ಅದ್ಯಾವ್ದೂ ಇರಲ್ಲ. ಯಾರಿಗಾದ್ರೂ ತಾಗಿದ್ರೆ ಜೀವಮಾನ ಕಟ್ಟಬೇಕಾಗುತ್ತೆ. ನಾನು ತೋಟದ ಒಳಗೆ ಬಿಟ್ಟು ಆಚೆ ಇಳಿಸಲ್ಲ.

ಎಷ್ಟು ತುಳಿದ್ರೂ ಸ್ಟಾರ್ಟೇ ಆಗಲ್ಲ

ಮೊದಲು ಸುಮ್ನೆ ಕಣ್ಣಲ್ಲಿ ನೋಡಿ. ಪೆಟ್ರೋಲ್ ಕಾಕ್ ತಿರುಗಿಸಿದೀರಾ, ಟ್ಯಾಂಕ್ ಮುಚ್ಚಳದ ಸಣ್ಣ ತೂತು ಮುಚ್ಕೊಂಡಿಲ್ವಾ (ನಮ್ಮ ಕಡೆ ಧೂಳಿಗೆ ಇದು ದಿನಾ ಆಗುತ್ತೆ), ಆಫ್ ಸ್ವಿಚ್ ಒತ್ತಿಕೊಂಡೇ ಇಲ್ವಾ. ತುಳ್ಕೊಂಡು ಹೋಗಿ ಕ್ಲಚ್ ಬಿಟ್ಟಾಗ ಇಂಜಿನ್ ತಿರುಗ್ತಾ ಐತಾ ಅನ್ನೋದೂ ನೋಡಿ, ತಿರುಗ್ತಾನೇ ಇಲ್ಲ ಅಂದ್ರೆ ಅದು ಕ್ಲಚ್ ಸಮಾಚಾರ, ಕೆಳಗೆ ಬೇರೆ ಬರ್ದಿದೀನಿ.

ಇಂಜಿನ್ ತಿರುಗ್ತೈತೆ, ಒಂದು ಸಲಾನೂ ಹೊಡೀತಿಲ್ಲ ಅಂದ್ರೆ ಐದಾರು ಸಲ ಟ್ರೈ ಮಾಡಿದ ತಕ್ಷಣ ಪ್ಲಗ್ ಬಿಚ್ಚಿ. ಪ್ಲಗ್ ತುದಿ ಒದ್ದೆ ಐತಾ ಒಣಗೈತಾ, ಇಷ್ಟೇ ನೋಡಬೇಕಾಗಿರೋದು, ಮುಂದಿನ ದಾರಿ ಎಲ್ಲಾ ಇದರ ಮೇಲೇ.

ಒಣಗಿದ್ರೆ ಪೆಟ್ರೋಲ್ ಒಳಗೇ ಹೋಗ್ತಿಲ್ಲ. ಕಾರ್ಬೊರೇಟರ್ ಹತ್ರ ಪೈಪ್ ಕಿತ್ತು ಬಾಟ್ಲಿಗೆ ಹಿಡೀರಿ, ಕಾಕ್ ಬಿಟ್ರೆ ಧಾರೆ ಬರಬೇಕು. ಹನಿ ಹನಿ ಬಂದ್ರೆ ಕಾಕ್ ಒಳಗಿನ ಜಾಲರಿ ಇಲ್ಲಾ ಫಿಲ್ಟರ್ ಕಟ್ಟಿದೆ. ಧಾರೆ ಸರಿ ಐತೆ ಅಂದ್ರೆ ಕಾರ್ಬೊರೇಟರ್ ಕೆಳಗಿನ ಬಟ್ಲು ಬಿಚ್ಚಿ, ಅದರಲ್ಲಿ ಹಸಿರು ಅಂಟು, ತುಕ್ಕು ಪುಡಿ ಇರುತ್ತೆ. ಪೆಟ್ರೋಲ್ ಹಾಯೋ ಸಣ್ಣ ಹಿತ್ತಾಳೆ ತುಂಡು ಐತಲ್ಲ, ಆ ಜೆಟ್ ತೂತನ್ನ ಆಕಾಶಕ್ಕೆ ಹಿಡಿದು ನೋಡಿ, ಬೆಳಕು ರೌಂಡಾಗಿ ಕಾಣ್ಬೇಕು. ಪಿನ್ನು ತಂತಿ ಹಾಕಿ ಕೆರೀಬೇಡಿ, ಹಿತ್ತಾಳೆ ಅದು, ತೂತು ದೊಡ್ಡದಾದ್ರೆ ಆಮೇಲೆ ಜನ್ಮಕ್ಕೂ ಟ್ಯೂನಿಂಗ್ ಕೂರಲ್ಲ. ಪೆಟ್ರೋಲಲ್ಲಿ ನೆನೆಸಿ ಸೈಕಲ್ ಪಂಪಲ್ಲಿ ಗಾಳಿ ಹೊಡೀರಿ, ಸಾಕು.

ಒದ್ದೆ ಇದ್ರೆ ಪೆಟ್ರೋಲ್ ಬರ್ತೈತೆ, ಕರೆಂಟ್ ಬರ್ತಿಲ್ಲ ಅಥವಾ ಸಾಲ್ತಿಲ್ಲ. ಪ್ಲಗ್ ಒರೆಸಿ, ಒಣಗ್ಸಿ, ಕ್ಯಾಪಿಗೆ ಹಾಕಿ ಅದರ ಲೋಹದ ಮೈಯನ್ನ ಇಂಜಿನ್ ಹೆಡ್ಡಿಗೆ ಒತ್ತಿ ಹಿಡಿದು ಹಿಂದಿನ ಚಕ್ರ ಎತ್ತಿ ಇನ್ನೊಬ್ರ ಕೈಲಿ ತುಳಿಸಿ. ನೆರಳಲ್ಲಿ ಮಾಡಿ, ಬಿಸಿಲಲ್ಲಿ ಕಿಡಿ ಕಾಣಲ್ಲ. ಹಿಡಿಯೋಕೆ ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್ ಇರಲಿ, ಶಾಕ್ ಜೋರಾಗೇ ಹೊಡಿಯುತ್ತೆ. ಮತ್ತೆ ಪ್ಲಗ್ ತೂತಿಂದ ಪೆಟ್ರೋಲ್ ಆವಿ ಆಚೆ ಬರ್ತಿರುತ್ತೆ, ಕಿಡಿ ಅದರ ಬಾಯಿಗೇ ಹಿಡಿದ್ರೆ ಬೆಂಕಿ ಹತ್ತುತ್ತೆ, ಆದಷ್ಟು ದೂರಕ್ಕೆ ಹಿಡೀರಿ, ತೂತಿಗೆ ಬಟ್ಟೆ ಗಿಡಿರಿ, ಚೆಲ್ಲಿರೋ ಪೆಟ್ರೋಲ್ ಮೊದಲೇ ಒರೆಸಿರಿ.

ನೀಲಿ ಕಿಡಿ ಚಟ್ ಚಟ್ ಅಂತ ಬಂದ್ರೆ ಚೆನ್ನಾಗೈತೆ. ಕೆಂಪಾಗಿ ಸಣ್ಣಗೆ ಬಂದ್ರೆ, ಇಲ್ಲಾ ಬರ್ಲೇ ಇಲ್ಲ ಅಂದ್ರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಗ್ಯಾಪ್ 0.6 ಎಂಎಂ ಆಸುಪಾಸು ಇರಲಿ. ಕಿಟ್ ಇಂಜಿನ್ನಿಗೆ ಬರೋ ಪ್ಲಗ್ ಥ್ರೆಡ್ ಉದ್ದ ಅರ್ಧ ಇಂಚು, ಅಂಗಡಿಯವ್ರು ಬೈಕಿನ ಉದ್ದದ ಪ್ಲಗ್ ಕೊಟ್ರೆ ತಗೋಬೇಡಿ, ಪಿಸ್ಟನ್ನಿಗೆ ತಾಗುತ್ತೆ, ಹಳೇದು ಕೈಲಿ ಹಿಡ್ಕೊಂಡೇ ಹೋಗಿ ಹೋಲಿಸಿ ತನ್ನಿ.

ಪ್ಲಗ್ ಬದಲಾಯ್ಸಿದ್ರೂ ಕರೆಂಟ್ ಇಲ್ವಾ? ಆಫ್ ಸ್ವಿಚ್ಚಿಂದ ಬರೋ ಎರಡು ವೈರನ್ನ ಪೂರ್ತಿ ಕಿತ್ತುಬಿಡಿ. ಇಂಜಿನ್ನಿಂದ ಬರೋ ನೀಲಿ ವೈರು ಸಿಡಿಐ ಡಬ್ಬಿಯ (ಪ್ಲಗ್ಗಿಗೆ ಕಿಡಿ ಕಳಿಸೋ ಸಣ್ಣ ಡಬ್ಬಿ) ನೀಲಿಗೆ, ಕಪ್ಪು ಕಪ್ಪಿಗೆ, ಮಧ್ಯೆ ಬೇರೇನೂ ಇರಬಾರದು. ಇಂಜಿನ್ನಿಂದ ಒಂದು ಬಿಳಿ ವೈರೂ ಬರುತ್ತೆ, ಅದಕ್ಕೆ ಲೈಟ್ ಹಾಕಿರ್ತಾರೆ, ಇಲ್ಲಾ ಬರೀ ತುದಿ ಬಿಟ್ಟು ನೇತಾಡಿಸಿರ್ತಾರೆ. ಅದು ಫ್ರೇಮಿಗೆ ತಾಗಿದ್ರೆ ಕರೆಂಟ್ ಪೂರ್ತಿ ಹೋಗುತ್ತೆ, ಲೈಟ್ ಹಾಕಿದ್ರೆ ಕಿಡಿ ಬಡಕಲಾಗುತ್ತೆ. ಲೈಟ್ ತೆಗೆದು ತುದಿಗೆ ಟೇಪ್ ಸುತ್ತಿ. ನಾನು ನೋಡಿರೋ ಇಂಜಿನ್ ಸೈಕಲ್‌ಗಳಲ್ಲಿ "ಕರೆಂಟೇ ಇಲ್ಲ" ಅಂತ ಮೂಲೆಗೆ ಹಾಕಿದ್ದವು ಎಷ್ಟೋ ಇಲ್ಲೇ ಸರಿಹೋಗಿದಾವೆ. ಆಫ್ ಸ್ವಿಚ್ ಇಲ್ದೆ ಓಡ್ಸಬೇಡಿ ಮಾತ್ರ, ಪತ್ತೆ ಆದ್ಮೇಲೆ ಹೊಸ ಸ್ವಿಚ್ ಹಾಕಿ.

ಅದೂ ಆಗಲಿಲ್ಲ ಅಂದ್ರೆ 200–300 ರೂಪಾಯಿ ಮಲ್ಟಿಮೀಟರ್ ತಗೊಂಡು ಕಾಯಿಲ್ (ಇಂಜಿನ್ ಒಳಗೆ ಕರೆಂಟ್ ಹುಟ್ಸೋ ತಂತಿ ಸುರುಳಿ) ನೋಡಬಹುದು. ಸಿಡಿಐ ಇಂದ ಕಿತ್ತು ನೀಲಿ ಕಪ್ಪು ಮಧ್ಯೆ ಓಮ್ ನೋಡಿ, ಕೆಲವು ನೂರು ಓಮ್ ಬರಬೇಕು. ಏನೂ ತೋರಿಸದಿದ್ರೆ ಒಳಗೆ ತಂತಿ ಕಟ್ಟಾಗಿದೆ, ಸೊನ್ನೆ ಹತ್ರ ತೋರ್ಸಿದ್ರೆ ಶಾರ್ಟ್. ಎರಡರಲ್ಲೂ ಕಾಯಿಲ್ ಬದಲು. ಕಾಯಿಲ್ ಚೆನ್ನಾಗೈತೆ ಕಿಡಿ ಇಲ್ಲ ಅಂದ್ರೆ ಉಳಿದಿದ್ದು ಸಿಡಿಐ, ಅದನ್ನ ಮನೇಲಿ ಟೆಸ್ಟ್ ಮಾಡೋಕಾಗಲ್ಲ, ಬೇರೆಯವರ ಗಾಡಿದು ಹಾಕಿ ನೋಡೋದೇ ದಾರಿ.

ಕಿಡಿ ಚೆನ್ನಾಗೈತೆ, ಪೆಟ್ರೋಲೂ ಬರ್ತೈತೆ, ಆದ್ರೂ ಇಲ್ಲ ಅಂದ್ರೆ ಓವರ್ ಫ್ಲೋ ಆಗಿರುತ್ತೆ. ಕಾಕ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಆಫ್ ಸ್ವಿಚ್ ಒತ್ತಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ಇಪ್ಪತ್ತು ಮೂವತ್ತು ಸುತ್ತು ತುಳೀರಿ, ಒಳಗಿರೋದು ಆಚೆ ಬರಲಿ. ಆಮೇಲೆ ಒಣ ಪ್ಲಗ್ ಹಾಕಿ ಚೋಕ್ ಇಲ್ದೆ ಟ್ರೈ ಮಾಡಿ. ಪ್ಲಗ್ ಇದ್ದಾಗ ಕ್ಲಚ್ ಬಿಟ್ಟು ಗಾಡಿ ತಳ್ಳಿದ್ರೆ ಚಕ್ರ ಗಕ್ ಗಕ್ ಅಂತ ತಡೀಬೇಕು, ಸಲೀಸಾಗಿ ಹೋಗುತ್ತೆ ಅಂದ್ರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇಲ್ಲ. ಹೆಡ್ ನಟ್ಟುಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪನೇ ಟೈಟ್ ಮಾಡಿ ನೋಡಿ, ಜೋರು ಮಾಡಿದ್ರೆ ಸ್ಟಡ್ ಕಿತ್ಕೊಂಡು ಬರುತ್ತೆ. ಅದಕ್ಕೂ ಬರ್ಲಿಲ್ಲ ಅಂದ್ರೆ ಮಾತ್ರ ಬ್ಲಾಕ್ ಬಿಚ್ಚೋ ಮಾತು.

ಸ್ಟಾರ್ಟ್ ಆಗುತ್ತೆ, ಐದು ನಿಮಿಷಕ್ಕೆ ನಿಂತೋಗುತ್ತೆ

ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೀರಿ. ಸುಯ್ ಅಂತ ಗಾಳಿ ಎಳ್ಕೊಂಡು ಆಮೇಲೆ ಸ್ಟಾರ್ಟ್ ಆದ್ರೆ ಮುಚ್ಚಳದ ತೂತೇ ಕಟ್ಟಿರೋದು. ಅದಲ್ಲ ಅಂದ್ರೆ ಬಿಸಿ ಇದ್ದಾಗಲೇ ಪ್ಲಗ್ ಕಿಡಿ ನೋಡಿ (ಸೈಲೆನ್ಸರ್ ಮುಟ್ಟಬೇಡಿ, ಕಾಲಿಗೂ ತಾಗದಂಗೆ ನೋಡ್ಕೊಳ್ಳಿ). ತಣ್ಣಗಿದ್ದಾಗ ಕಿಡಿ ಇದ್ದು ಬಿಸಿಯಾದಾಗ ಹೋದ್ರೆ ಕಾಯಿಲ್ ಒಳಗಡೆ ತಂತಿ ಬಿಸಿಗೆ ಬಿಡ್ತೈತೆ, ಎಷ್ಟು ಟ್ಯೂನಿಂಗ್ ಮಾಡಿದ್ರೂ ಪ್ರಯೋಜನ ಇಲ್ಲ, ಕಾಯಿಲ್ ಹಾಕ್ಸಿ. ಕಿಡಿ ಐತೆ ಅಂದ್ರೆ ಬಟ್ಲಿಗೆ ಪೆಟ್ರೋಲ್ ಸಾಕಷ್ಟು ಇಳೀತಿಲ್ಲ, ಫಿಲ್ಟರು ಪೈಪು ನೋಡಿ, ಪೈಪ್ ಸೈಲೆನ್ಸರ್ ಹತ್ರ ಹೋಗಿದ್ರೆ ಅದನ್ನ ದೂರ ಸರಿಸಿ.

ಎಕ್ಸಲೇಟರ್ ಬಿಟ್ರೂ ತಾನಾಗೇ ರೇಸ್ ಆಗ್ತೈತೆ

ಇದನ್ನ ಹಗುರವಾಗಿ ತಗೋಬೇಡಿ. ಮೊದಲು ನಿಲ್ಲಿಸೋದು ಕಲೀರಿ: ಆಫ್ ಸ್ವಿಚ್. ಅದು ಕೆಲ್ಸ ಮಾಡ್ಲಿಲ್ಲ ಅಂದ್ರೆ ಕ್ಲಚ್ ಹಿಡಿದು ಗಾಡಿ ನಿಲ್ಲಿಸಿ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡ್ಕೊಂಡು ಕ್ಲಚ್ ಬಿಡಿ, ಇಂಜಿನ್ ಗಕ್ ಅಂತ ಆಫ್ ಆಗುತ್ತೆ. ಚೋಕ್ ಪೂರ್ತಿ ಮುಚ್ಚಿದ್ರೂ ಸಾಯುತ್ತೆ.

ಕಾರಣ ಸುಲಭದ್ದೂ ಇರಬಹುದು. ಕೇಬಲ್ ಒಳಗೆ ಧೂಳು ತುಂಬಿ ಸಿಕ್ಕಿಹಾಕ್ಕೊಂಡಿರೋದು, ಹ್ಯಾಂಡಲ್ ತಿರುಗಿಸಿದಾಗ ಕೇಬಲ್ ಎಳೆಯೋದು. ಕಾರ್ಬೊರೇಟರ್ ಒಳಗೆ ಎಕ್ಸಲೇಟರ್ ಜೊತೆ ಮೇಲೆ ಕೆಳಗೆ ಆಡೋ ಉರುಳೆನ ಯಾರೋ ಬಿಚ್ಚಿ ಉಲ್ಟಾ ಹಾಕಿದ್ರೂ ಹಿಂಗೇ ಆಗುತ್ತೆ, ಅದರ ಮೈಮೇಲೆ ಉದ್ದಕ್ಕೆ ಒಂದು ಸಣ್ಣ ಕಾಲುವೆ ಕೊರೆದಿರುತ್ತೆ, ಅದು ಒಳಗಿನ ಸಣ್ಣ ಮೊಳೆ ಮೇಲೆ ಕೂತಿರ್ಬೇಕು.

ಇದೆಲ್ಲ ಸರಿ ಐತೆ ಅಂದ್ರೆ ಎಲ್ಲೋ ಗಾಳಿ ಎಳೀತೈತೆ. ಕಾರ್ಬೊರೇಟರಿಗೂ ಇಂಜಿನ್ನಿಗೂ ಮಧ್ಯೆ ಇರೋ ಪೈಪಿನ ಪ್ಯಾಕಿಂಗ್, ಕಾರ್ಬೊರೇಟರ್ ಕ್ಲಾಂಪ್. ಸ್ವಲ್ಪ ಸೋಪು ನೀರು ಕಲಸಿ ಇಂಜಿನ್ ಓಡ್ತಿರೋವಾಗ ಆ ಜಾಯಿಂಟುಗಳಿಗೆ ಹಚ್ಚಿ, ಸೌಂಡ್ ಬದಲಾದ್ರೆ ಅಲ್ಲೇ ಐತೆ. ಪೆಟ್ರೋಲ್ ಚಿಮುಕಿಸಿ ಟೆಸ್ಟ್ ಮಾಡೋರನ್ನ ನೋಡಿದೀನಿ, ದಯವಿಟ್ಟು ಮಾಡಬೇಡಿ. ಟೂ ಸ್ಟ್ರೋಕಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜೊತೆ, ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿ ಆದ್ರೆ ಆಯಿಲೂ ಕಮ್ಮಿ ಆಯ್ತು ಅಂತ, ಬಿಸಿನೂ ಜಾಸ್ತಿ. ಅದಕ್ಕೇ ಗಾಳಿ ಎಳೆಯೋ ಇಂಜಿನ್ನನ್ನ ಸರಿ ಮಾಡೋ ತನಕ ಓಡ್ಸಬಾರದು, ಚೆನ್ನಾಗಿ ಪಿಕಪ್ ಬರ್ತೈತೆ ಅಂತ ಖುಷಿಪಟ್ಟು ಓಡಿಸ್ತಾರೆ, ಸ್ವಲ್ಪ ದಿನಕ್ಕೇ ಸೀಜ್ ಆಗುತ್ತೆ, ಅಂದ್ರೆ ಪಿಸ್ಟನ್ ಸಿಲಿಂಡರಿಗೆ ಕಚ್ಕೊಳ್ಳುತ್ತೆ. ಹೊರಗಿನ ಜಾಯಿಂಟ್ ಎಲ್ಲಾ ಸರಿ ಇದ್ದೂ ಹಿಂಗಾದ್ರೆ ಕ್ರಾಂಕ್ ಆಯಿಲ್ ಸೀಲ್, ಅದು ಪುಲ್ಲರ್ ಇರೋ ಮೆಕ್ಯಾನಿಕ್ ಕೆಲ್ಸ.

ಹೊಗೆ ಜಾಸ್ತಿ, ಗರ ಗರ ಅಂತೈತೆ, ಎಳೆಯಲ್ಲ

ಪ್ಲಗ್ ಬಣ್ಣ ನೋಡಿ. ಬಿಸ್ಕೆಟ್ ಬಣ್ಣ ಇದ್ರೆ ಸರಿ. ಒಣ ಕಾಡಿಗೆ ಥರ ಕಪ್ಪು ಅಂದ್ರೆ ಪೆಟ್ರೋಲ್ ಜಾಸ್ತಿ: ಚೋಕ್ ಅರ್ಧ ಮುಚ್ಚಿದೆ, ಇಲ್ಲಾ ಏರ್ ಫಿಲ್ಟರ್ ಧೂಳು ಕಟ್ಟಿದೆ. ಒದ್ದೆ ಎಣ್ಣೆ ಕಪ್ಪು ಅಂದ್ರೆ ಆಯಿಲ್ ಜಾಸ್ತಿ. ಸುಣ್ಣದ ಥರ ಬಿಳಿ ಅಂದ್ರೆ ಮೇಲೆ ಹೇಳಿದ ಗಾಳಿ ಸಮಾಚಾರ, ನಿಲ್ಲಿಸಿ. ಫಿಲ್ಟರ್ ಸ್ಪಂಜನ್ನ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗ್ಸಿ ಹಾಕಿ. ಆದ್ರೂ ಕಪ್ಪೇ ಬಂದ್ರೆ ಕಾರ್ಬೊರೇಟರ್ ಸೂಜಿಯ ಸಣ್ಣ ಕ್ಲಿಪ್ಪನ್ನ ಒಂದು ಮೆಟ್ಟಿಲು ಮೇಲೆ ಹಾಕಿದ್ರೆ ಸೂಜಿ ಕೆಳಗಿಳಿದು ಪೆಟ್ರೋಲ್ ಕಮ್ಮಿ ಆಗುತ್ತೆ. ಒಂದೇ ಮೆಟ್ಟಿಲು, ಓಡಿಸಿ, ಮತ್ತೆ ಪ್ಲಗ್ ನೋಡಿ.

ಸೈಲೆನ್ಸರನ್ನ ಎಲ್ರೂ ಮರೀತಾರೆ. ವರ್ಷಗಟ್ಲೆ ಆಯಿಲ್ ಸುಟ್ಟು ಒಳಗೆ ಇದ್ದಿಲು ಕಟ್ಟಿರುತ್ತೆ, ಗಾಡಿ ಉಸಿರು ಕಟ್ಟಿದಂಗೆ ಆಡುತ್ತೆ. ಬಿಚ್ಚಿ ಇಂಜಿನ್ ಬಾಯಿ ಹತ್ರ ಮರದ ಕಡ್ಡೀಲಿ ಕೆರೀರಿ, ಪಿಸ್ಟನ್ ಮೇಲಕ್ಕೆ ತಂದು ಬಾಯಿ ಮುಚ್ಚಿದಂಗಿರಲಿ, ಪುಡಿ ಒಳಗೆ ಬೀಳಬಾರದು. ರೇಷ್ಮೆ ಸಾಕೋರಿಗೆ ಒಂದು ಮಾತು, ಹುಳು ಮನೆ ಪಕ್ಕ ಗಾಡಿ ಸ್ಟಾರ್ಟ್ ಮಾಡಿ ಟೆಸ್ಟ್ ಮಾಡಬೇಡಿ, ಹೊಗೆ ಹುಳಕ್ಕೆ ಆಗಲ್ಲ, ಪೆಟ್ರೋಲ್ ಕೈಲಿ ಸೊಪ್ಪೂ ಮುಟ್ಟಬೇಡಿ.

ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ

ಕ್ಲಚ್ ಜಾರ್ತೈತೆ. ಅಂಬಾಜಿದುರ್ಗದ ಕಡೆ ಏರು ಬೇಕಿಲ್ಲ, ಸೊಪ್ಪಿನ ಮೂಟೆ ಹಾಕಿ ಬದು ಹತ್ತಿಸಿದ್ರೇ ಗೊತ್ತಾಗುತ್ತೆ. ಕ್ಲಚ್ ಲಿವರ್ ಹಿಡಿಯೋಕೆ ಶುರು ಮಾಡಿದಾಗ 2–3 ಎಂಎಂ ಸುಮ್ನೆ ಆಡ್ಬೇಕು, ಆಮೇಲೆ ಎಳೀಬೇಕು. ಆಟವೇ ಇಲ್ಲ ಅಂದ್ರೆ ಕೇಬಲ್ ಟೈಟಾಗಿದೆ, ಸ್ವಲ್ಪ ಬಿಡಿ. ಮುಕ್ಕಾಲು ಸಲ ಇಷ್ಟೇ. ಆಗ್ಲಿಲ್ಲ ಅಂದ್ರೆ ಬಲಗಡೆ ಮುಚ್ಚಳ ಬಿಚ್ಚಿ ಒಳಗೆ ಹೂವಿನ ಆಕಾರದ ನಟ್ ಐತೆ, ಅದರ ಲಾಕ್ ಸ್ಕ್ರೂ ತೆಗೆದು ಒಂದು ಎಸಳಷ್ಟು ಟೈಟ್ ಮಾಡಿ ನೋಡಿ. ಕ್ಲಚ್ ಗುಂಡಿಗಳಿಗೆ ಗ್ರೀಸ್ ತಾಗಿದ್ರೆ ಜಾರೇ ಜಾರುತ್ತೆ, ಗ್ರೀಸ್ ಹಲ್ಲಿಗೆ ಮಾತ್ರ, ಅದೂ ಸ್ವಲ್ಪ. ಉಲ್ಟಾ, ಲಿವರ್ ಪೂರ್ತಿ ಹಿಡಿದ್ರೂ ಗಾಡಿ ಎಳೀತಿದ್ರೆ ಕೇಬಲ್ ಲೂಸು.

ಪೆಟ್ರೋಲ್ ಸೋರ್ತೈತೆ

ನಿಲ್ಲಿಸಿದ್ಮೇಲೆ ಕಾರ್ಬೊರೇಟರಿಂದ ತೊಟ್ಟಿಕ್ಕಿದ್ರೆ ಫ್ಲೋಟ್ ಸೂಜಿ ಕೆಳಗೆ ಕಸ ಸಿಕ್ಕಿರುತ್ತೆ, ಬಟ್ಲಿನ ಮೇಲೆ ಸ್ಕ್ರೂಡ್ರೈವರ್ ಹಿಡೀಲಿ ಮೆಲ್ಲಗೆ ತಟ್ಟಿ, ಎಷ್ಟೋ ಸಲ ಕೂತ್ಕೊಳ್ಳುತ್ತೆ. ಇಲ್ಲಾಂದ್ರೆ ಬಿಚ್ಚಿ ಕ್ಲೀನ್ ಮಾಡಿ. ನಿಲ್ಲಿಸಿದಾಗಲೆಲ್ಲ ಕಾಕ್ ಆಫ್. ಟ್ಯಾಂಕ್ ಬೆಸುಗೆ ಹತ್ರ ಸೋರ್ತಿದ್ರೆ ಎಂಸೀಲ್ ಮೆತ್ತಿ ಓಡಿಸೋದು ಬೇಡ, ಟ್ಯಾಂಕ್ ಕೆಳಗೇ ಬಿಸಿ ಹೆಡ್ಡು ಐತೆ. ಪೆಟ್ರೋಲ್ ಇದ್ದ ಟ್ಯಾಂಕನ್ನ ವೆಲ್ಡಿಂಗ್ ಅಂಗಡಿಗೆ ಹಂಗೇ ಕೊಡಲೂಬೇಡಿ, ಖಾಲಿ ಕಂಡ್ರೂ ಒಳಗಿನ ಆವಿಗೆ ಸಿಡಿಯುತ್ತೆ. ಬೇರೆ ಟ್ಯಾಂಕ್ ಹಾಕ್ಸಿ.

ಸೌಂಡು ಬದಲಾಗಿದೆ, ಇಲ್ಲಾ ಓಡ್ತಾ ಓಡ್ತಾ ಚಕ್ರ ಕಚ್ಕೊಳ್ತು

ಕಚ್ಕೊಂಡ ಕ್ಷಣಕ್ಕೆ ಕ್ಲಚ್ ಹಿಡೀರಿ, ಅದೊಂದೇ ನಿಮ್ಮನ್ನ ಉಳಿಸೋದು. ಎಡಗೈ ಎರಡು ಬೆರಳು ಯಾವಾಗ್ಲೂ ಲಿವರ್ ಮೇಲೆ ಇರೋ ಅಭ್ಯಾಸ ಮಾಡ್ಕೊಳ್ಳಿ. ಪೂರ್ತಿ ತಣ್ಣಗಾಗೋ ತನಕ ತಿರುಗಿಸೋಕೆ ಹೋಗಬೇಡಿ, ನೀರು ಸುರೀಬೇಡಿ. ತಣ್ಣಗಾದ್ಮೇಲೆ ಪ್ಲಗ್ ತೂತಲ್ಲಿ ಒಂದು ಚಮಚ 2ಟಿ ಆಯಿಲ್ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ತಿರುಗಿಸಿ. ತಿರುಗಿದ್ರೂ ಸ್ಟಾರ್ಟ್ ಮಾಡಿ ಮನೆಗೆ ಓಡ್ಸಬೇಡಿ, ತಳ್ಕೊಂಡು ಬನ್ನಿ. ಬ್ಲಾಕ್ ಬಿಚ್ಚೋದು ಈಗ ನ್ಯಾಯ. ಕಿಟ್ ಇಂಜಿನ್ ಸಿಲಿಂಡರ್ ಬಹುಪಾಲು ಅಲ್ಯೂಮಿನಿಯಂ ಮೇಲೆ ಕ್ರೋಮ್ ಲೇಪ, ಲೇತಲ್ಲಿ ರೀಬೋರ್ ಮಾಡ್ಸಿದ್ರೆ (ಒಳಗೆ ಕೊರೆಸಿದ್ರೆ) ಲೇಪ ಹೋಗುತ್ತೆ, ಗೀರು ಉಗುರಿಗೆ ಸಿಗೋ ಅಷ್ಟಿದ್ರೆ ಸಿಲಿಂಡರ್ ಪಿಸ್ಟನ್ ಜೊತೆಗೇ ಬದಲು.

ಸೌಂಡ್ ವಿಷ್ಯ: ಚೈನ್ ಸದ್ದು ಕ್ಲಚ್ ಹಿಡಿದ್ರೂ ಗಾಡಿ ಉರುಳ್ತಿರೋ ತನಕ ಬರುತ್ತೆ, ಇಂಜಿನ್ ಸದ್ದು ಇಂಜಿನ್ ಜೊತೆ ಏರುತ್ತೆ ಇಳಿಯುತ್ತೆ. ಇಡೀ ಸೈಕಲ್ ಅದುರಿದ್ರೆ ಇಂಜಿನ್ ಕೂರ್ಸಿರೋ ಬೋಲ್ಟುಗಳು ಸಡಿಲ, ನಾನು ವಾರಕ್ಕೊಂದು ಸಲ ಸ್ಪ್ಯಾನರ್ ಹಾಕಿ ನೋಡ್ತೀನಿ. ಕೆಳಗಿನ ಕೇಸಿಂದ ಟೊಕ್ ಟೊಕ್ ಅಂತ ಗಟ್ಟಿ ಬಡಿತ ಬಂದ್ರೆ ಕನೆಕ್ಟಿಂಗ್ ರಾಡ್ ಬೇರಿಂಗ್. ಅಲ್ಲಿಗೆ ಮನೆ ರಿಪೇರಿ ಮುಗೀತು. ಕ್ರಾಂಕ್ ಬಿಚ್ಚಿ ಪ್ರೆಸ್ಸಲ್ಲಿ ಕೂರ್ಸೋಕೆ ಗೊತ್ತಿರೋ ಹಳೇ ಟೂ ಸ್ಟ್ರೋಕ್ ಮೆಕ್ಯಾನಿಕ್ ಹತ್ರ ಹೋಗಿ, ಚಿಂತಾಮಣಿ ಕೋಲಾರ ಕಡೆ ವಯಸ್ಸಾದವರು ಇನ್ನೂ ಸಿಗ್ತಾರೆ, ಮೊದಲೇ ರೇಟ್ ಕೇಳಿ. ಅವರು ಹೇಳೋ ರೇಟು ಗಾಡಿ ತಗೊಂಡ ರೇಟಿನ ಅರ್ಧ ದಾಟಿದ್ರೆ ನಾನಾದ್ರೆ ಇಂಜಿನ್ ಇಳಿಸಿ, ಚೈನ್ ಕಿತ್ತು, ಸೈಕಲನ್ನ ಸೈಕಲ್ ಆಗೇ ತುಳೀತೀನಿ.